ತುಂಬದೆ ಬಿಟ್ಟ ಉಡಿ

ತೊರವಿ, ಸೋಮವಾರ

ಅತ್ತೆಯವರಿಗೆ ನಮಸ್ಕಾರ.

ಎದುರಿಗೆ ಮಾತಾಡಲು ನನಗೆ ಧೈರ್ಯ ಸಾಲದು, ಅದಕ್ಕೆ ಬರೆಯುತ್ತಿದ್ದೇನೆ.

ಬಬಲೇಶ್ವರದಲ್ಲಿ ನಾದಿನಿಯ ಕೂಸಿಗೆ ಹೆಸರಿಟ್ಟ ದಿನ ಸೊಸೆಯರಿಗೆಲ್ಲ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದಿರಿ. ನನ್ನ ಸರದಿ ಬಂದಾಗ, “ಏ, ಆಕೀನ ಬಿಡ್ರಿ. ಆಕಿ ಉಡಿ ದೇವರ ಬರಿದು ಮಾಡ್ಯಾನ” ಎಂದಿರಿ. ಹೆಂಗಸರು ನಕ್ಕರು.

ನನ್ನ ಕೂಸು ಹುಟ್ಟಿದಾಗ ದೇವರ ದಯೆ ಎಂದೆ. ಹನ್ನೊಂದನೆಯ ದಿನ ಅದನ್ನು ಮಣ್ಣಿಗಿಟ್ಟು ಬಂದು ಆ ದೇವರಿಗೇ ದೀಪ ಹಚ್ಚಿದೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ನಿಮ್ಮ ಮೇಲೆ ಇದೆ. ಅವನ ಮನಸ್ಸಿನಲ್ಲಿ ಏನಿದೆ ಎಂದು ನಿಮಗೆ ಹೇಳಿದವರು ಯಾರು?

ಇನ್ನು ಯಾವ ಕಾರ್ಯಕ್ಕೂ ನನ್ನನ್ನು ಕರೆಯಬೇಡಿ. ನನ್ನ ತವರಿನವರು ತಂದ ತೊಟ್ಟಿಲನ್ನು ಅಟ್ಟದಿಂದ ಇಳಿಸಿ, ಮೈದುನ ಸಿದ್ದರಾಮನ ಟಂಟಂ ಗಾಡಿಯಲ್ಲಿ ಇಲ್ಲಿಗೆ ಕಳಿಸಿ. ದೇವರು ಮತ್ತೆ ಕೂಸು ಕೊಡುವ ಹೊತ್ತಿಗೆ ಅದು ನಿಮ್ಮ ಮನೆಯಲ್ಲಿರಬಾರದು.

ನಿಮ್ಮ ಕಿರಿಯ ಸೊಸೆ,
ಭೌರಮ್ಮ