ಗೆರೆಯ ಮುಖಗಳಿಗೆ ವಿಳಾಸ ಕೇಳಿದ ಅಧಿಕಾರಿಗಳಿಗೆ

ಮಾನ್ಯ ಠಾಣಾಧಿಕಾರಿಗಳೇ,

ಪೆನ್ಸಿಲ್ಲಿನಲ್ಲಿ ಬಿಡಿಸಿದ ಅಜ್ಜಿಯೊಬ್ಬಳ ಮನೆ ಎಲ್ಲಿದೆ ಎಂದು ತಾವು ಕೇಳಿ ಕಳಿಸಿದ್ದೀರಿ. ಚಿತ್ರದಲ್ಲಿ ಅವಳ ಜೊತೆ ಕೂತಿರುವ ಹೆಂಗಸರ ಹೆಸರು, ವಿಳಾಸಗಳನ್ನೂ ಕೇಳಿದ್ದೀರಿ. ಕೊಟ್ಟರೆ ನಮ್ಮ ಅನಿಮೇಷನ್ ಕಿರುಚಿತ್ರೋತ್ಸವಕ್ಕೆ ಅನುಮತಿ, ಕೊಡದಿದ್ದರೆ ಇಲ್ಲ. ಉತ್ತರವನ್ನು ಠಾಣೆಗೆ ಬಂದೇ ಹೇಳಬೇಕಂತೆ. ಬರಲು ನನಗೆ ಹೆದರಿಕೆ. ಎರಡು ಸಲ ನಿಮ್ಮ ಗೇಟಿನ ಎದುರಿನ ಎಳನೀರು ಗಾಡಿಯವರೆಗೆ ಬಂದು, ಬೇಡದ ಎಳನೀರು ಕುಡಿದು ವಾಪಸ್ ಹೋಗಿದ್ದೇನೆ. ಆದ್ದರಿಂದ ಉತ್ತರವನ್ನು ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ. ಒಬ್ಬಳನ್ನೇ ಕೂರಿಸಿ ಕೇಳಿದರೆ ನನ್ನ ನಾಲಗೆ ಏನು ಹೇಳಿಬಿಡುತ್ತದೋ, ನನಗೇ ನಂಬಿಕೆಯಿಲ್ಲ.

ನಮ್ಮ ಉತ್ಸವದ ಹೆಸರು ‘ಗೀರು’. ಪ್ರತಿ ವರ್ಷ ಆಷಾಢದಲ್ಲಿ ಎರಡು ದಿನ ನಡೆಯುತ್ತದೆ. ಆಷಾಢವೇ ಏಕೆಂದರೆ ಆಗ ಯಾರೂ ಮದುವೆ ಮಾಡುವುದಿಲ್ಲ, ಜೆ.ಪಿ. ನಗರದ ಬೈರಣ್ಣನವರ ಕಲ್ಯಾಣ ಮಂಟಪ ಖಾಲಿ ಬಿದ್ದಿರುತ್ತದೆ. ಹೆಣ್ಣುಗಂಡು ಕೂರುವ ವೇದಿಕೆಯ ಮೇಲೆ ನಾವು ಪರದೆ ಕಟ್ಟುತ್ತೇವೆ. ಜ್ಯೇಷ್ಠದಲ್ಲಿ ಮದುವೆಯಾದ ಯಾರದೋ ಹೆಸರು ಥರ್ಮೋಕೋಲಿನಲ್ಲಿ ಇನ್ನೂ ಗೋಡೆಗೆ ಅಂಟಿರುತ್ತದೆ, ಅದರ ಕೆಳಗೇ ನಮ್ಮ ಚಿತ್ರಗಳು ಓಡುತ್ತವೆ. ನಿರ್ಮಾಪಕರಿಲ್ಲದವರು, ಸ್ಟುಡಿಯೋ ಇಲ್ಲದವರು, ಪಿ.ಜಿ. ರೂಮಿನ ಮಂಚದ ಮೇಲೆ ಕೂತು ಒಂದೊಂದೇ ಚಿತ್ರ ಬಿಡಿಸಿ ಓಡಾಡಿಸಿದ ಸಿನಿಮಾಗಳು. ಹಿಂದಿನ ವರ್ಷಗಳಲ್ಲಿ ನಿಮ್ಮ ಕಡೆಯವರು ಬಂದು, ಟೀ ಕುಡಿದು, ‘ಮಕ್ಕಳ ಕಾರ್ಯಕ್ರಮ’ ಎಂದು ಬರೆದುಕೊಂಡು ಹೋಗುತ್ತಿದ್ದರು. ನಮಗೆ ಅವಮಾನವಾಗುತ್ತಿತ್ತು. ಅದು ಎಷ್ಟು ಸುಖದ ಅವಮಾನ ಎಂದು ಈಗ ಗೊತ್ತಾಗುತ್ತಿದೆ.

ಈ ವರ್ಷ ತಾವು ಎಲ್ಲ ಚಿತ್ರಗಳನ್ನೂ ತರಿಸಿಕೊಂಡು ನೋಡಿದಿರಿ. ಒಂದರಲ್ಲಿ ಜೇಡಿಮಣ್ಣಿನ ಕಾಗೆ ಬಾಡಿಗೆ ಮನೆಗಾಗಿ ಬಿ.ಟಿ.ಎಂ. ಲೇಔಟಿನಲ್ಲೆಲ್ಲ ಅಲೆಯುತ್ತದೆ. ಅದರ ಆಧಾರ್ ಕಾರ್ಡನ್ನು ತಾವು ಕೇಳಲಿಲ್ಲ. ಇನ್ನೊಂದರಲ್ಲಿ ಎರಡು ಅಂಗಿಗುಂಡಿಗಳು ಓಡಿಹೋಗಿ ಮದುವೆಯಾಗುತ್ತವೆ. ಸಾಕ್ಷಿ ಹಾಕಿದವರು ಯಾರೆಂದು ಕೇಳಲಿಲ್ಲ. ಕೇಳಿದ್ದು ನನ್ನ ನಾಲ್ಕು ನಿಮಿಷದ ಚಿತ್ರದ ಮುಖಗಳನ್ನು ಮಾತ್ರ. ಏಕೆ ಎಂದು ತಮಗೂ ಗೊತ್ತು, ನನಗೂ ಗೊತ್ತು. ಓದುವವರಿಗೆ ಗೊತ್ತಿಲ್ಲ, ಅದಕ್ಕೆ ಹೇಳುತ್ತೇನೆ.

ಬನಶಂಕರಿ ಮೂರನೇ ಹಂತದಾಚೆ ನಮ್ಮ ಕಾಲೋನಿ. ಕಾಲೋನಿಗೊಂದು ಸ್ಮಶಾನ. ಸತ್ತವರನ್ನು ನಾವು ಹೂಳುತ್ತೇವೆ, ನಮ್ಮ ತಾತಂದಿರೆಲ್ಲ ಅಲ್ಲೇ ಇದ್ದಾರೆ. ಸ್ಮಶಾನದ ಹಿಂದೆ ಎದ್ದ ಹೊಸ ಅಪಾರ್ಟ್‌ಮೆಂಟಿಗೆ ದಾರಿ ಬೇಕಾಯಿತು. ಕಳೆದ ವರ್ಷ ಒಂದು ಬೆಳಿಗ್ಗೆ ಪಾಲಿಕೆಯ ಹೆಸರಿನಲ್ಲಿ ಜೆ.ಸಿ.ಬಿ. ಬಂತು. ನೋಟಿಸ್ ಕೇಳಿದರೆ ಡ್ರೈವರ್ ನಕ್ಕ. ಕಾಂಪೌಂಡಿನ ಜೊತೆ ಅಂಚಿನ ಕೆಲವು ಸಮಾಧಿಗಳೂ ಎದ್ದುಹೋದ ಮೇಲೆ, ನಮ್ಮ ಹೆಂಗಸರು ಹೋಗಿ ಉಳಿದ ಸಮಾಧಿಗಳ ಮೇಲೆ ಕೂತರು. ಕಲ್ಲೆಸೆಯಲಿಲ್ಲ, ಬೈಯಲೂ ಇಲ್ಲ, ಸುಮ್ಮನೆ ಕೂತರು. ನಾನು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದೆ. ಮಧ್ಯಾಹ್ನ ಯಂತ್ರ ವಾಪಸ್ ಹೋಯಿತು. ಸಂಜೆ ಕೇಸಾಯಿತು: ಸರ್ಕಾರಿ ಕೆಲಸಕ್ಕೆ ಅಡ್ಡಿ. ಆರೋಪಿ ಆ ಬೆಳಿಗ್ಗೆ ನೋಟಿಸ್ ಕೇಳಿದ್ದ, ಆಟೋ ಓಡಿಸುವ ರವಿಕುಮಾರ್ ‘ಮತ್ತು ಇತರರು’. ರವಿಯಣ್ಣ ಅಂದಿನಿಂದ ಕೋರ್ಟಿಗೆ ಅಲೆಯುತ್ತಿದ್ದಾರೆ. ಇತರರು ಯಾರೆಂದು ಹೇಳಿದರೆ ನಿನ್ನನ್ನು ಬಿಡುತ್ತೇವೆ ಎಂದು ಅವರಿಗೆ ಹೇಳಲಾಗಿದೆಯಂತೆ. ಅವರು ಹೇಳಿಲ್ಲ. ಕಾಲೋನಿಯ ಹೆಂಗಸರು ಒಂದು ವರ್ಷದಿಂದ ಆ ‘ಇತರರು’ ಎಂಬ ಪದದೊಳಗೆ ಅವಿತುಕೊಂಡು ಬದುಕುತ್ತಿದ್ದಾರೆ.

ನನ್ನ ಕೆಲಸ ಫ್ಲೆಕ್ಸ್ ಅಂಗಡಿಯಲ್ಲಿ. ಹುಟ್ಟುಹಬ್ಬದ ಬ್ಯಾನರಿನ ನಾಯಕರನ್ನು ಬೆಳ್ಳಗೆ ಮಾಡುವುದು, ಹಲ್ಲು ಸರಿಪಡಿಸುವುದು, ಗಲ್ಲದ ಕೆಳಗಿನ ಎರಡನೇ ಗಲ್ಲ ತೆಗೆಯುವುದು. ಈ ಊರಿನಲ್ಲಿ ಯಾವ ಮುಖವೂ ಇದ್ದ ಹಾಗೆ ಕಂಬ ಹತ್ತುವುದಿಲ್ಲ. ನನ್ನ ಚಿತ್ರದಲ್ಲಾದರೂ ಮುಖಗಳು ಇದ್ದ ಹಾಗೇ ಇರಲಿ ಎಂದುಕೊಂಡೆ. ವಿಡಿಯೋವನ್ನು ಚೂರು ಚೂರೇ ನಿಲ್ಲಿಸಿ, ಪ್ರಿಂಟ್ ತೆಗೆದು, ಕೆಳಗೆ ಬಲ್ಬ್ ಇಟ್ಟ ಗಾಜಿನ ಮೇಲೆ ಹಾಸಿ, ಅದರ ಮೇಲೆ ತೆಳು ಹಾಳೆ ಇಟ್ಟು ಗೆರೆ ಎಳೆಯುವುದು ನನ್ನ ವಿಧಾನ. ಹೀಗೆ ಸಾವಿರಾರು ಹಾಳೆ ಎಳೆದರೆ ನಾಲ್ಕು ನಿಮಿಷ.

ಉತ್ಸವದಲ್ಲಿ ನಮ್ಮದೊಂದು ಪದ್ಧತಿಯಿದೆ. ಯಾರನ್ನು ಬಿಡಿಸಿದ್ದೇವೋ ಅವರಿಗೆ ಮೊದಲು ತೋರಿಸಬೇಕು, ಅವರು ಹೇಳಿದ್ದನ್ನು ತಿದ್ದಬೇಕು. ಕಾಲೋನಿಯ ಬುದ್ಧವಿಹಾರದಲ್ಲಿ ಬೆಡ್‌ಶೀಟ್ ಕಟ್ಟಿ ತೋರಿಸಿದೆ. ಮಾನ್ಯರೇ, ಆ ದಿನದ ಗಲಾಟೆಯನ್ನು ತಾವು ಕೇಳಬೇಕಿತ್ತು.

“ಅಯ್ಯೋ, ನನ್ ಮೂಗುತಿ ಎಲ್ಲೇ? ಬೋಳು ಮೂಗು ಮಾಡಿಟ್ಟಿದೀಯ!”

“ನಂಗೆ ಇಷ್ಟು ದಪ್ಪ ಸೊಂಟ ಐತಾ? ಇರ್ಲಿ ಬಿಡು, ಆದ್ರೆ ಸೆರಗಿನ್ ಅಂಚು ಚೆಕ್ಸ್ ಇತ್ತು, ಹೂವಲ್ಲ.”

“ಲೇ ಲತಾ, ಅವಳನ್ ಬಿಡಿಸ್ದಂಗೆ ನನ್ನೂ ನೀಟಾಗ್ ಬಿಡ್ಸೆ. ಅವಳೇನ್ ಹೀರೋಯಿನ್ನಾ?”

ತಾವು ಕೇಳುತ್ತಿರುವ ಅಜ್ಜಿ ಎಲ್ಲರ ಮಾತು ಮುಗಿಯುವವರೆಗೆ ಕಾದು, ಮುಂಗೈ ಚಾಚಿದಳು. ಅಲ್ಲಿ ಹಸಿರು ಹಚ್ಚೆ. ತೀರಿಕೊಂಡ ಮಗಳ ಹೆಸರು. ಅವಳು ಅಂದು ಕೂತಿದ್ದು ಆ ಮಗಳ ಸಮಾಧಿಯ ಮೇಲೆ. “ಇದನ್ನ ಯಾಕ್ ಬಿಟ್ಟೆ, ಮಗ? ಇದಿಲ್ದಿದ್ರೆ ನಾನು ಯಾರು ಅಂತ ಹೆಂಗೊತ್ತಾಗುತ್ತೆ?”

ಹೌದಲ್ಲ ಎಂದು ನಾನು ತಿದ್ದಿದೆ. ಮೂಗುತಿ ಇಟ್ಟೆ, ಅಂಚು ಬದಲಿಸಿದೆ, ಮಚ್ಚೆ ಹಾಕಿದೆ, ಅಜ್ಜಿಯ ಮುಂಗೈಗೆ ಒಂದೊಂದು ಅಕ್ಷರವನ್ನೂ ಬರೆದೆ. ಇವರನ್ನು ಯಾರೂ ಎಂದೂ ಬಿಡಿಸಿರಲಿಲ್ಲ. ಅವರಿಗೆ ಗುರುತು ಸಿಗಬೇಕಿತ್ತು, ನನಗೆ ಗುರುತು ಸಿಗುವ ಹಾಗೆ ಬಿಡಿಸಬೇಕಿತ್ತು. ಗುರುತು ಹಿಡಿಯಲು ಇನ್ನೊಬ್ಬರೂ ಕಾಯುತ್ತಿದ್ದಾರೆ ಎನ್ನುವುದು ಆ ದಿನ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಒಂದು ವರ್ಷ ಜೋಪಾನ ಮಾಡಿದ ‘ಇತರರು’ ಪದವನ್ನು ನಾವೇ ನಕ್ಕೊಂಡು, ಚಾ ಕುಡಿದುಕೊಂಡು ಬಿಚ್ಚಿ ಹಾಸಿದೆವು.

ನಿಮ್ಮ ಪೇದೆ ನಮ್ಮ ಅಂಗಡಿಗೆ ಬಂದರು. “ಏನಮ್ಮಾ, ಕಾರ್ಟೂನ್ ಮಾಡಿದ್ದು ನೀನೇನಾ?”

“ಅನಿಮೇಷನ್ ಸಾರ್.”

“ಅದೇ, ಕಾರ್ಟೂನ್. ಸಾಹೇಬ್ರು ಎರಡ್ ಸಲ ನೋಡಿದ್ರು ಕಣಮ್ಮ. ಸಖತ್ತಾಗಿದೆ ಅಂದ್ರು. ಮುಖಗಳು ಎಷ್ಟ್ ಕ್ಲಿಯರ್ ಬಂದವೆ ಅಂತ ಎಲ್ರುಗೂ ತೋರ್ಸಿದ್ರು. ಆ ಹಚ್ಚೆ ಅಜ್ಜಿ ಎಲ್ಲಿರೋದು?”

ನಾನು ಎಂದೆ: “ಅದು ಕಲ್ಪನೆ ಸಾರ್.”

ಅವರು ನಕ್ಕರು. “ಕಲ್ಪನೆಗೆ ಯಾರಮ್ಮ ಹಚ್ಚೆ ಹಾಕ್ತಾರೆ? ಒರಿಜಿನಲ್ ವಿಡಿಯೋನೂ ತಗೊಂಡ್ ಬಾ. ಆಮೇಲೆ ನಿಮ್ ಪ್ರೋಗ್ರಾಂ ಮಾಡ್ಕೊಳ್ಳಿ, ಯಾರ್ ಬೇಡ ಅಂತಾರೆ?”

ನನ್ನ ಚಿತ್ರಕ್ಕೆ ಬಂದ ಮೊದಲ ವಿಮರ್ಶೆ ತಮ್ಮದು. ಎರಡು ಸಲ ನೋಡಿದ ಪ್ರೇಕ್ಷಕರೂ ತಾವೊಬ್ಬರೇ. ಚಿತ್ರ ಮಾಡುವವರು ಇಂಥ ಹೊಗಳಿಕೆಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ನಾನು ಅಂಗಡಿಯ ಹಿಂದಿನ ನಲ್ಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ನಾನು ಹೆಚ್ಚು ಓದಿದವಳಲ್ಲ. ಓದಿದ್ದೆಲ್ಲ ಏಪ್ರಿಲ್ ಹದಿನಾಲ್ಕರ ಸಭೆಗಳ ಹೊರಗೆ, ಚಾಪೆಯ ಮೇಲೆ ಹರಡಿಟ್ಟು ಮಾರುವ ಕಿರುಹೊತ್ತಿಗೆಗಳು. ಪಿನ್ ಹೊಡೆದ, ಮಸಿ ಕೈಗೆ ಹತ್ತುವ ಪುಸ್ತಕಗಳು. ಸಾಕ್ಷಿ ಕೇಳಲು ಹೆಂಗಸರನ್ನು ಠಾಣೆಗೆ ಕರೆಸುವಂತಿಲ್ಲ, ಅವರಿರುವ ಕಡೆಗೇ ಹೋಗಬೇಕು ಎಂದು ಅವುಗಳಲ್ಲಿ ಓದಿದ್ದೇನೆ. ಕರೆಯುವುದಿದ್ದರೆ ಬರಹದಲ್ಲಿ ಕರೆಯಬೇಕು ಎಂದೂ ಓದಿದ್ದೇನೆ. ಇವೆಲ್ಲ ನನಗೆ ಬಾಯಿಪಾಠ. ಆದರೆ ಹೆದರಿಕೆಯಾದಾಗ ಏನು ಮಾಡಬೇಕೆಂದು ಯಾವ ಹೊತ್ತಿಗೆಯಲ್ಲೂ ಬರೆದಿಲ್ಲ. ಈಗ ಅಂಗಡಿ ಮುಂದೆ ಯಾವ ಬೈಕ್ ನಿಂತರೂ ಮೌಸ್ ಬಿಟ್ಟು ಎದ್ದು ನಿಲ್ಲುತ್ತೇನೆ. ಅಜ್ಜಿ ನಡುಮಧ್ಯಾಹ್ನದ ಬಿಸಿಲಲ್ಲೂ ಉದ್ದ ತೋಳಿನ ಸ್ವೆಟರ್ ಹಾಕಿಕೊಂಡು ರೇಷನ್ ಅಂಗಡಿಗೆ ಹೋಗುತ್ತಾಳೆ. ಮೂಗುತಿ ಕೇಳಿದ್ದ ಅಕ್ಕ ಅದನ್ನು ಬಿಚ್ಚಿಟ್ಟು, ತೂತಿಗೆ ಪೊರಕೆಕಡ್ಡಿ ಚುಚ್ಚಿಕೊಂಡಿದ್ದಾಳೆ. ನನ್ನನ್ನು ಕಂಡರೆ ಯಾರೂ ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಭಯ ನಮ್ಮ ಕಾಲೋನಿಯಲ್ಲೇ ನಿಂತಿಲ್ಲ. ಬೈರಣ್ಣನವರು ಕರೆಸಿ ಹೇಳಿದರು: “ನೋಡಮ್ಮಾ, ನಿಮ್ ಗೊಂಬೆ ಸಿನಿಮಾ ನಂಗೂ ಇಷ್ಟನೇ. ಹೋದ್ ವರ್ಷ ನಮ್ಮೋಳು ಊಟಕ್ಕೂ ಏಳ್ಲಿಲ್ಲ. ಆದ್ರೆ ಶ್ರಾವಣಕ್ಕೆ ಮದ್ವೆಗಳವೆ. ಛತ್ರದ್ ಮುಂದೆ ಜೀಪ್ ನಿಂತಿತ್ತು ಅಂತ ಸುದ್ದಿ ಆದ್ರೆ ಹೆಣ್ಣಿನ್ ಕಡೆಯೋರು ಒಳಗೇ ಬರಲ್ಲ.” ಉತ್ಸವವನ್ನು ಶುರುಮಾಡಿದ ಸುಶ್ರುತ ನೆಲ ನೋಡುತ್ತಾ ಕೇಳಿದ: “ಲತಾ, ನಿನ್ ಫಿಲಂ ಒಂದನ್ನ ಈ ಸಲ ಬಿಟ್ಬಿಡೋಣ್ವಾ? ಉಳಿದೋರ್ದಾದ್ರೂ ಆಗುತ್ತೆ.” ಅವನ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಅದನ್ನೇ ಯೋಚಿಸಿದ್ದೆ. ಆದರೆ ಚಿತ್ರ ಬಿಟ್ಟರೆ ತಾವು ಅಜ್ಜಿಯನ್ನು ಬಿಡುತ್ತೀರಾ? ಮುಖಗಳನ್ನು ತಾವು ಆಗಲೇ ನೋಡಿಬಿಟ್ಟಿದ್ದೀರಲ್ಲ? ಕಾಣೆಯಾದ ಸಮಾಧಿಗಳಿಗಾಗಿ ನಾವು ಕೊಟ್ಟ ದೂರನ್ನು ಒಂದು ಸಲವಾದರೂ ಓದಿದಿರಾ? ಜೆ.ಸಿ.ಬಿ. ಡ್ರೈವರನ ಮುಖವೂ ನನ್ನ ಚಿತ್ರದಲ್ಲಿ ಅಷ್ಟೇ ಸ್ಪಷ್ಟವಾಗಿದೆ, ಗುಟ್ಕಾ ಹಲ್ಲಿನ ಸಮೇತ. ಅವನ ವಿಳಾಸವನ್ನು ಏಕೆ ಕೇಳಲಿಲ್ಲ?

ಹೋದ ತಿಂಗಳು ಅಜ್ಜಿ ನಮ್ಮ ಮನೆಗೆ ಬಂದು ಬಾಗಿಲಲ್ಲೇ ಕೂತಳು. “ಮಗ, ಪೆನ್ಸಿಲ್ ಅಲ್ವಾ? ರಬ್ಬರ್ ಹಾಕಿದ್ರೆ ಹೋಗುತ್ತಾ?” ಎಂದಳು. ಹಚ್ಚೆಯನ್ನು ಯಾಕೆ ಬಿಟ್ಟೆ ಎಂದು ಕೇಳಿದ್ದವಳೇ ಈಗ ತನ್ನನ್ನು ಅಳಿಸೆಂದು ಕೇಳಿದಳು.

ಎಲ್ಲರ ಮುಖಗಳನ್ನೂ ಅಳಿಸಿದೆ. ಆದರೆ ಮುಖವಿಲ್ಲದ ಹೆಂಗಸರು ಸಮಾಧಿಗಳ ಮೇಲೆ ಕೂತಿದ್ದನ್ನು ಓಡಿಸಿ ನೋಡಿದಾಗ, ಅವರೂ ಸತ್ತವರ ಹಾಗೆ ಕಂಡರು. ನೋಡಲಾಗಲಿಲ್ಲ. ಆಗ ನೆನಪಾಯಿತು, ಆ ದಿನ ಅಲ್ಲಿದ್ದೂ ವಿಡಿಯೋದಲ್ಲಿ ಇಲ್ಲದ ಮುಖ ಒಂದೇ. ಫೋನ್ ಹಿಡಿದವಳದು.

ಸುಶ್ರುತನ ತಾರಸಿಯ ಮೇಲೆ ನಾನು ಒಬ್ಬೊಬ್ಬ ಹೆಂಗಸಿನ ಹಾಗೆಯೂ ಕೂತೆ, ಅವನು ವಿಡಿಯೋ ಮಾಡಿದ. ಅವರು ಕತ್ತೆತ್ತಿ ಯಂತ್ರದ ಬಕೆಟ್ ನೋಡಿದ ಹಾಗೆ ನಾನೂ ಕತ್ತೆತ್ತಿ ನೀರಿನ ಟ್ಯಾಂಕ್ ನೋಡಿದೆ. ಫೋನಿನ ಹಿಂದೆ ನಿಂತಿದ್ದ ದಿನ ನನಗೆ ಇಷ್ಟು ಭಯವಾಗಿರಲಿಲ್ಲ. ಕೆಳಗೆ ಕೂತು ನೋಡಿದಾಗ ಆ ಬಕೆಟ್ ಎಷ್ಟು ಎತ್ತರದಲ್ಲಿತ್ತು ಎಂದು ತಿಳಿಯಿತು. ಅವರು ಅಲ್ಲಿಂದ ಏಳಲಿಲ್ಲ. ಈಗ ಅಂಗಡಿಯ ಊಟದ ಬಿಡುವಿನಲ್ಲಿ, ಭಾನುವಾರಗಳಲ್ಲಿ, ಗೆಳೆಯರೆಲ್ಲ ಸೇರಿ ಗಾಜಿನ ಮೇಜಿನ ಸುತ್ತ ಕೂತು ಎಲ್ಲ ಹೆಂಗಸರಿಗೂ ನನ್ನ ಮುಖ ಹಾಕಿದ್ದೇವೆ. ಮೂಗುತಿಯಿಲ್ಲ, ಮಚ್ಚೆಯಿಲ್ಲ. ಸೀರೆಗಳೆಲ್ಲ ಬಿಳಿ.

ಅಜ್ಜಿಗೆ ತೋರಿಸಿದೆ. “ಥೂ, ಎಲ್ಲಾ ನೀನೇ! ಇವರೆಲ್ಲರನ್ನೂ ಹಿಡ್ಕೊಂಡೋದ್ರೆ, ನಿಮ್ಮವ್ವ ಬಂದು ಯಾವಳನ್ನ ನನ್ ಮಗಳು ಅಂತ ಕರ್ಕೊಂಡೋಗ್ತಾಳೆ?” ಎಂದು ನಕ್ಕಳು. ನಗುತ್ತಲೇ ಸ್ವೆಟರಿನ ತೋಳನ್ನು ಇನ್ನಷ್ಟು ಕೆಳಗೆಳೆದುಕೊಂಡಳು. ಹಚ್ಚೆ ಇಲ್ಲದ ಕೈ ಪರದೆಯ ಮೇಲೆ ಬಂದಾಗ ಮಾತ್ರ ಮುಖ ತಿರುಗಿಸಿದಳು. ಆ ಕೈಯ ಮೇಲಿದ್ದ ಹೆಸರನ್ನು ತಾವು ನಮಗೆ ವಾಪಸ್ ಕೊಡಲಾರಿರಿ.

ಇನ್ನು ನನ್ನ ಉತ್ತರ. ಅಜ್ಜಿಯ ಹೆಸರನ್ನು ಈ ಪತ್ರದಲ್ಲಿ ಎಲ್ಲೂ ಬರೆದಿಲ್ಲ, ಬರೆಯುವುದಿಲ್ಲ. ಮೂಲ ವಿಡಿಯೋ ಇದೆ, ಅಳಿಸಿಲ್ಲ. ಅಳಿಸಿದರೆ ಸಮಾಧಿಗಳ ಮೇಲೆ ಯಂತ್ರ ಹರಿದದ್ದಕ್ಕೂ ಸಾಕ್ಷಿಯಿರುವುದಿಲ್ಲ. ಅದನ್ನು ನ್ಯಾಯಾಲಯ ಕೇಳಿದರೆ ನ್ಯಾಯಾಲಯದಲ್ಲಿ ವಕೀಲರ ಮೂಲಕ ಮಾತಾಡುತ್ತೇನೆ, ಉತ್ಸವದ ಅನುಮತಿಗೆ ಬದಲಾಗಿ ಕೊಡುವುದಿಲ್ಲ. ಬರುವ ಶನಿವಾರ, ಭಾನುವಾರ ‘ಗೀರು’ ನಡೆಯಬೇಕು, ನನ್ನ ಚಿತ್ರ ಅದರಲ್ಲಿರಬೇಕು, ಷರತ್ತಿಲ್ಲದ ಅನುಮತಿಯನ್ನು ತಾವು ಬರಹದಲ್ಲಿ ಕೊಡಬೇಕು. ಕಾಲೋನಿಯ ಬೇರೆ ಯಾವ ಬಾಗಿಲನ್ನೂ ನಿಮ್ಮವರು ತಟ್ಟಬಾರದು. ಉತ್ಸವದಲ್ಲಿ ಓಡುವ ಚಿತ್ರದಲ್ಲಿ ಕಾಣುವ ಹೆಂಗಸು ಇನ್ನು ಮೇಲೆ ಒಬ್ಬಳೇ. ಅವಳ ಹೆಸರು, ವಿಳಾಸವನ್ನು ತಾವು ಕೇಳಿದ ಹಾಗೆಯೇ ಕೆಳಗೆ ಕೊಟ್ಟಿದ್ದೇನೆ. ಬರುವುದಾದರೆ ಹಗಲು ಬನ್ನಿ, ನೋಟಿಸ್ ಹಿಡಿದು ಬನ್ನಿ, ದಯವಿಟ್ಟು ಜೋರಾಗಿ ಬಾಗಿಲು ಬಡಿಯಬೇಡಿ. ನನಗೆ ನಿಜವಾಗಿಯೂ ತುಂಬಾ ಹೆದರಿಕೆಯಾಗುತ್ತದೆ.

ಇಂತಿ,
ನಿಮ್ಮ ಕಡತದ ‘ಇತರರು’ ಎಲ್ಲರ ಪರವಾಗಿ ಸಿಕ್ಕಿಬಿದ್ದಿರುವ
ಲತಾಮಣಿ, ಸಂಜೀವಯ್ಯನವರ ಮಗಳು,
ಸ್ಮಶಾನದ ಗೇಟಿನ ಎದುರಿನ ನೀಲಿ ಬಾಗಿಲಿನ ಮನೆ