ಶರ್ಯತ್ತಿನ ಮೈಕು

10 ನವೆಂಬರ್ 2024, ಭಾನುವಾರ, ಸಂಜೆ

ಗಂಟಲು ಪೂರ್ತಿ ಕಟ್ಟಿದೆ. ಪ್ರೇಮಲಾ ಬಿಸಿನೀರು ಕೊಟ್ಟಳು, ಜೊತೆಗೆ ಬೈಗುಳವೂ. "ಓಡೋದು ಎತ್ತು. ನಿಮಗ್ಯಾಕ ದಮ್ಮು ಹತ್ತತದ್ರಿ?" ಹೆಂಡತಿಯಾಗಿ ಇಷ್ಟು ವರ್ಷವಾದರೂ ಅವಳಿಗೆ ಅರ್ಥವಾಗಿಲ್ಲ. ವಾರವಿಡೀ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಪಾಲಿಶ್ ಮಷೀನ್ ಮುಂದೆ ನಿಂತರೆ ನನ್ನ ಮಾತು ನನಗೇ ಕೇಳುವುದಿಲ್ಲ. ಭಾನುವಾರ ಕೊಡಂಗಲ್ ರೋಡಿನ ಮಣ್ಣಿನ ಮೈದಾನದಲ್ಲಿ ಮೈಕು ಹಿಡಿದಾಗಲೇ ನಾನೂ ಒಬ್ಬ ಮನುಷ್ಯ. ಕನ್ನಡ, ತೆಲುಗು, ಉರ್ದು ಮೂರನ್ನೂ ಕಲಸಿ ಹೊಡೆಯುತ್ತೇನೆ. ಜನ ಎತ್ತಿನ ಗಾಡಿ ಓಟದ ಶರ್ಯತ್ತು ನೋಡಲು ಬರುತ್ತಾರೋ, ನನ್ನನ್ನು ಕೇಳಲು ಬರುತ್ತಾರೋ... ಜಂಬ. ಇರಲಿ, ಯಾರು ಓದುತ್ತಾರೆ.

ಇವತ್ತೂ ಮಾಣಿಕಪ್ಪ ಕಾಕಾನ ಜೋಡಿಯೇ ಫಸ್ಟ್. ಕುರಿ ಕಾಯುವ ಮನುಷ್ಯ, ಮಾತು ಕಡಿಮೆ. ಅವನ ಸರದಾರ ಎಂಬ ಎತ್ತಿಗೆ ಚಾಟಿ ಬೇಡ. ಮೈಕಿನಲ್ಲಿ ನಾನು ಹೆಸರು ಹಿಡಿದು ಕೂಗಿದರೆ ಸಾಕು. "ನಾ ಬರೇ ಮೇವು ಹಾಕಾಂವ" ಎಂದು ಕಾಕಾ ನಗುತ್ತಾನೆ.

1 ಡಿಸೆಂಬರ್, ಭಾನುವಾರ

ಮೈದಾನ ಹೋಯಿತು. ಜಾಗದ ಮಾಲೀಕರು ಹೈದರಾಬಾದಿನವರಿಗೆ ಮಾರಿದ್ದಾರೆ. ಪ್ಲಾಟು ಹಾಕುತ್ತಾರಂತೆ. ಬೆಳಿಗ್ಗೆ ನಾವು ಹೋದಾಗ ಜೆಸಿಬಿ ನಿಂತಿತ್ತು, ಅರ್ಧ ಟ್ರ್ಯಾಕ್ ಅಗೆದಾಗಿತ್ತು. ನಾರಾಯಣಖೇಡದಿಂದ ಎತ್ತು ಹೇರಿಕೊಂಡು ಬಂದವರು ಇಳಿಸದೆಯೇ ವಾಪಸ್ ಹೋದರು. ಮೈದಾನದ ಅಂಚಿಗೆ ಬಂಡಿ ಹಚ್ಚುವ ಬಾಲಮಣಿ ಮಿರ್ಚಿ ಬಜ್ಜಿಗೆ ಹಿಟ್ಟು ಕಲಸಿಕೊಂಡು ಬಂದಿದ್ದಳು. ಅಷ್ಟನ್ನೂ ಕರಿದು ನಿಂತವರಿಗೆಲ್ಲ ಹಂಚಿದಳು, ದುಡ್ಡು ಮುಟ್ಟಲಿಲ್ಲ. ತಿಥಿ ಊಟದ ಹಾಗಿತ್ತು.

12 ಜನವರಿ 2025, ಭಾನುವಾರ

ಮನೆಯಲ್ಲೇ. ಪ್ರೇಮಲಾಳಿಂದ ಸುಮ್ಮಸುಮ್ಮನೆ ಬೈಸಿಕೊಂಡೆ.

ಮೊದಲು ಭಾನುವಾರ ಬಂದರೆ ಸುತ್ತಲ ಊರಿನ ಮುಖಗಳೆಲ್ಲ ಕಾಣುತ್ತಿದ್ದವು. ನಮ್ಮ ಸರಿತಾಳ ಸಂಬಂಧ ಕುದುರಿದ್ದೂ ಅಲ್ಲೇ. ಧಾರೂರಿನ ಬೀಗರು ಶರ್ಯತ್ತು ನೋಡಲು ಬಂದವರು, ಮಗಳನ್ನೂ ನೋಡಿಕೊಂಡು ಹೋದರು. ಈಗ ಯಾರು ಯಾರಿಗೆ ಸಿಗಬೇಕು? ಹುಡುಗರು ಬೆಳಿಗ್ಗೆಯೇ ವೈನ್ ಶಾಪ್ ಮುಂದೆ. ಬಾಲಮಣಿ ಬಸ್ ಸ್ಟ್ಯಾಂಡ್ ಹತ್ತಿರ ಬಂಡಿ ಹಚ್ಚಿದಳು, ಅಲ್ಲಿ ಮೊದಲಿದ್ದವರು ಎಬ್ಬಿಸಿದರು. ಕಾಕಾ ಜೋಡಿಯಲ್ಲಿ ನೇಗಿಲು ಗೊತ್ತಿದ್ದ ಇನ್ನೊಂದನ್ನು ಬೇಸಾಯದವರಿಗೆ ಕೊಟ್ಟ. ಸರದಾರನನ್ನು ಯಾರೂ ಕೇಳುತ್ತಿಲ್ಲ. ನೇಗಿಲು ಎಳೆದು ಗೊತ್ತಿಲ್ಲವಲ್ಲ. ಕಟ್ಟಿದಲ್ಲೇ ನಿಂತು ಮಂಕಾಗಿದೆ. ನನ್ನ ಹಾಗೆ.

2 ಫೆಬ್ರವರಿ

ದೇವಿದಾಸ ಬಂದಿದ್ದ. ಪ್ಲಾಟು ಮಾರುವ ಏಜೆಂಟ. "ಸೂರ್ಯಕಾಂತಣ್ಣ, ನಿಮ್ಮ ಆವಾಜ್ ಸುತ್ತಿನ ಮಂದಿಗೆಲ್ಲ ಗೊತ್ತದ. ಒಂದು ಅನೌನ್ಸ್‌ಮೆಂಟ್ ರೆಕಾರ್ಡ್ ಮಾಡಿಕೊಡ್ರಿ. ಆಟೋಕ್ಕ ಹಚ್ಚಿ ತಿರುಗಸ್ತೀವಿ."

ಒಲ್ಲೆ ಅನ್ನಬೇಕಿತ್ತು. ಆದರೆ ಮಾತಾಡು ಅಂತ ಯಾರಾದರೂ ಕರೆದು ಎಷ್ಟು ದಿನವಾಗಿತ್ತು... ಮೈಕು ಕೈಗೆ ಬಂದದ್ದೇ ತಡ, ಎದೆ ಉಬ್ಬಿತು. ಶರ್ಯತ್ತಿನ ಧಾಟಿಯಲ್ಲೇ ಹೊಡೆದೆ: "ಬರ್ರಿ ಬರ್ರಿ, ಶರ್ಯತ್ತಿನ ಮೈದಾನದಾಗ ನಿಮ್ಮ ಸ್ವಂತ ಪ್ಲಾಟು..." ದೇವಿದಾಸ ಚಪ್ಪಾಳೆ ತಟ್ಟಿದ. ಪ್ರೇಮಲಾಳಿಗೆ ಹೇಳಿಲ್ಲ.

9 ಫೆಬ್ರವರಿ, ಭಾನುವಾರ

ಆಟೋ ನಮ್ಮ ಓಣಿಗೂ ಬಂತು. ಪ್ರೇಮಲಾ ಒಗೆಯುತ್ತಿದ್ದ ಬಟ್ಟೆ ಬಿಟ್ಟು ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಕಾಕಾನ ಹೆಂಡತಿ ಲಕ್ಷ್ಮಿಬಾಯಿ ಬಂದಳು. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, "ಸೂರ್ಯಾ, ಆ ಆಟೋ ನಮ್ಮ ಕಡಿ ಬರದಂಗ ಮಾಡಪ್ಪ. ನಿನ್ನ ಆವಾಜ್ ಕೇಳಿ ಸರದಾರ ಹಗ್ಗ ಜಗ್ಗತದ. ಶರ್ಯತ್ತು ಅದ ಅಂತ ತಿಳೀತದ. ಮೂಗುದಾಣ ಜಗ್ಗಿ ಮೂಗು ಹರದು ರಕ್ತ ಬಂದದ" ಅಂದಳು.

"ಕಾಕಾ ಏನಂತಾನ?"

"ಎದ್ದು ಹೊರಗ ಹೋಗ್ಯಾನ."

11 ಫೆಬ್ರವರಿ

ನಿಲ್ಲಿಸು ಅಂತ ದೇವಿದಾಸನಿಗೆ ಕೈಮುಗಿದೆ. ನಕ್ಕ. "ಅದು ಈಗ ಕಂಪನಿದು ಅಣ್ಣಾ. ಊರೂರಿಗಿ ಆಟೋ ಹೋಗ್ಯಾವ." ನನ್ನ ದನಿ ನನ್ನದಲ್ಲ.

ಹಾಗೇ ಕಾಕಾನ ಮನೆಗೆ ಹೋದೆ. ಕುರಿಹಟ್ಟಿಯ ಮುಂದೆ ಕೂತಿದ್ದ. ನನ್ನ ಕಡೆ ಮುಖ ತಿರುಗಿಸಲಿಲ್ಲ. ಆ ಮನೆಯಿಂದ ಚಹಾ ಕುಡಿಯದೆ ಎದ್ದು ಬಂದದ್ದು ಇದೇ ಮೊದಲು. ದಾರಿಯಲ್ಲಿ ಬೈಕು ನಿಲ್ಲಿಸಿ ಅತ್ತೆ.

16 ಮಾರ್ಚ್, ಬೆಳಿಗ್ಗೆ

ಕಾಕಾನ ಫೋನು. ಇಷ್ಟು ದಿನದ ಮೇಲೆ. "ಒಂದೀಟು ಬಂದು ಹೋಗು." ಅಷ್ಟೇ. ಖುಷಿಯಲ್ಲಿ ಅಂಗಿಯ ಗುಂಡಿ ಅದಲುಬದಲು ಹಾಕಿಕೊಂಡೆ. ಪ್ರೇಮಲಾ ನಕ್ಕಳು, ತಾನೇ ಸರಿ ಮಾಡಿದಳು.

ಅದೇ ದಿನ, ಮಧ್ಯಾಹ್ನ

ಬರೆಯದಿದ್ದರೆ ತಲೆ ಒಡೆಯುತ್ತದೆ.

ಕಾಕಾನ ಓಣಿಯಲ್ಲಿ ಬೊಲೆರೊ ಪಿಕಪ್ ಗಾಡಿ ನಿಂತಿತ್ತು. ಸರದಾರನನ್ನು ಮಾರಿದ್ದಾನೆ. ಕೊಂಡವನು ಕಾಲು ನೋಡಲಿಲ್ಲವಂತೆ, ಓಟ ಕೇಳಲಿಲ್ಲವಂತೆ. ಮೈ ಸವರಿ ತೂಕದ ಅಂದಾಜು ಹಾಕಿದನಂತೆ. ಲಕ್ಷ್ಮಿಬಾಯಿ ಇಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಎತ್ತು ಗಾಡಿಗೆ ಒರಗಿಸಿದ ಹಲಗೆ ಹತ್ತಲು ಒಪ್ಪುತ್ತಿಲ್ಲ. ಎಳೆದರು, ಬಾಲ ತಿರುವಿದರು, ಬಡಿಗೆಯಿಂದ ಹೊಡೆದರು. ಕಾಲು ನೆಟ್ಟು ನಿಂತಿತ್ತು. ಮೈಯೆಲ್ಲ ನಡುಕ.

ಕಾಕಾ ನನ್ನ ಹತ್ತಿರ ಬಂದ. "ಬಡಿಯಾಕತ್ತಾರ. ನನಗ ನೋಡಾಕ ಆಗವಲ್ದು. ನೀ ಕರಿ. ನಿನ್ನ ಮಾತಿಗಿ ಹತ್ತತದ."

"ನನ್ನಿಂದ ಆಗಲ್ಲ ಕಾಕಾ."

"ಪ್ಲಾಟಿನವರ ಸಲುವಾಗಿ ಕರದಿಯಲ್ಲ. ಇದೊಂದು ಸಲ ನನ್ನ ಸಲುವಾಗಿ ಕರಿ." ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ಬೇಡುತ್ತಿದ್ದ.

ಗಾಡಿಯ ಪಕ್ಕ ಹೋಗಿ ನಿಂತೆ. ಆಮೇಲೆ ಕೂಗಿದೆ, ಹೆಸರು ಹಿಡಿದು, ಮೈದಾನದಲ್ಲಿ ಕೂಗುತ್ತಿದ್ದ ಹಾಗೆಯೇ. ಸರದಾರನ ನಡುಕ ನಿಂತಿತು. ಹಗ್ಗ ಯಾರೂ ಮುಟ್ಟಲಿಲ್ಲ. ತಾನೇ ಹಲಗೆ ಹತ್ತಿ ಒಳಗೆ ಹೋಯಿತು. ಹೋಗಿ ಈ ಕಡೆ ತಿರುಗಿ, ಇನ್ನೇನು ಓಡು ಅನ್ನುತ್ತಾನೆ ಅಂತ ನನ್ನ ಬಾಯಿಯನ್ನೇ ನೋಡುತ್ತ—