ಟ್ರಂಕಿನ ಕುಂಚಿಗೆ

ಭೋಸರಿ, ಪುಣೆ
೧೨ ನವೆಂಬರ್ ೧೯೯೮

ಬೀಗಿತ್ತಿ ಚಂದ್ರಾಬಾಯಿಯವರಿಗೆ ಶರಣು.

ಮೊಮ್ಮಗ ಇನ್ನೂ ದವಾಖಾನೆಯಲ್ಲಿದ್ದಾನೆ. ಮೈ ಅರಿಸಿನದಂತಾಗಿದೆ, ರಕ್ತ ಕೊಡುತ್ತಿದ್ದಾರೆ. ಫೋನಿನಲ್ಲಿ ನೀವು "ಯಾರ ಕಣ್ಣು ಬಿತ್ತೋ ಏನೋ" ಅಂದಿರಿ. ಯಾರ ಕಣ್ಣೂ ಬಿದ್ದಿಲ್ಲ.

ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಡಾಕ್ಟರು ಹೇಳಿದ್ದು ತಿಳಿಯದೆ ರೇಗಿದೆ. ಆ ಡಾಕ್ಟರು ನಮ್ಮ ಕಡೆಯವರೇ, "ಸಿಟ್ಟಾಗಬ್ಯಾಡ್ರಿ ಅಜ್ಜಾರ, ಮತ್ತೊಮ್ಮೆ ಹೇಳ್ತೀನಿ" ಅಂದರು. ಜೀವಕೋಶದೊಳಗಿನ ದ್ರವದಲ್ಲಿ ಕಿಣ್ವಗಳೆಂಬ ಪ್ರೋಟೀನುಗಳು ದುಡಿಯುತ್ತವಂತೆ. ರಕ್ತಕಣ ಒಡೆಯದಂತೆ ಕಾಯುವ ಒಂದು ಕಿಣ್ವ ಈ ಕೂಸಿಗೆ ಹುಟ್ಟಿನಿಂದಲೇ ಸಾಲದು. ಅಂಥವರಿಗೆ, ಬಟ್ಟೆಗೆ ಹುಳು ಹಿಡಿಯದಂತೆ ಇಡುವ ಡಾಂಬರ್ ಗುಳಿಗೆಯ ವಾಸನೆಯೇ ವಿಷ. ಕೊರತೆ ತಾಯಿಯ ಕಡೆಯಿಂದ ಬರುತ್ತದಂತೆ. ಬೈಯುವುದಿದ್ದರೆ ನನ್ನನ್ನು ಬೈಯಿರಿ, ನನ್ನ ಮಗಳು ಶೈಲಶ್ರೀಯನ್ನಲ್ಲ.

ತೊಟ್ಟಿಲಿಗೆ ಹಾಕುವ ದಿನ ಕೂಸಿನ ತಲೆಗೆ ಕಟ್ಟಲು ನೀವು ಕಳಿಸಿದ ಮನೆತನದ ಕುಂಚಿಗೆ, ನಿಮ್ಮ ಟ್ರಂಕಿನಲ್ಲಿ ಆ ಗುಳಿಗೆಗಳ ನಡುವೆಯೇ ಇತ್ತು. ನಿಮ್ಮನ್ನು ಕೇಳದೆ ಅದನ್ನು ಸುಟ್ಟಿದ್ದೇನೆ. ನೀವು ಬರುವಾಗ ಟ್ರಂಕಿನ ಸೀರೆ ಉಡಬೇಡಿ. ಒಗೆದು ಬಿಸಿಲಿಗೆ ಹಾಕಿದ್ದನ್ನು ಉಟ್ಟು ಬನ್ನಿ.

ಇನ್ನೊಂದು ಮಾತು. ಶೈಲಶ್ರೀಯ ಮೊದಲ ಗಂಡುಕೂಸಿಗೂ ಅದೇ ಕುಂಚಿಗೆ ಕಟ್ಟಲಾಗಿತ್ತು, ವಾರದೊಳಗೆ ಕೂಸು ಹೋಯಿತು. ಎರಡು ಸಲವೂ ತನ್ನ ಕೈಯಾರೆ ಕಟ್ಟಿದವಳು ಶೈಲಶ್ರೀ. ಡಾಕ್ಟರು ಹೇಳಿದ್ದನ್ನು ಅವಳಿಗೆ ನಾನು ತಿಳಿಸಿಲ್ಲ. ನಿನ್ನೆ, "ಅಪ್ಪಾ, ಆವಾಗ ಅದಕ್ಕ ಏನಾಗಿತ್ತು?" ಅಂತ ಕೇಳಿದಳು. ಜ್ವರ ಅಂದೆ. ನಿಮ್ಮನ್ನೂ ಕೇಳುತ್ತಾಳೆ. ಜ್ವರ ಅಂತಲೇ ಹೇಳಿ.

ನಿಮ್ಮ ಬೀಗ,
ಮಲಕಾಜಪ್ಪ